ಮೊದಲ ಹಾಳೆ ಏಕೆ ಅಂಟಂಟಾಗಿ ಉಳಿಯಿತು

ಕೆಲವು ಮೊಬೈಲ್‌ಗಳ ಹಿಂಬದಿಯನ್ನು ಸ್ವಲ್ಪ ಓರೆ ಮಾಡಿದರೆ ಒಳಗೆ ಬೆಳಕಿನ ಗೆರೆ ಓಡುತ್ತದಲ್ವಾ? ಕೂದಲೆಳೆಗಿಂತ ಸಣ್ಣ ಏರುತಗ್ಗುಗಳನ್ನು ಯುವಿ (ನೇರಳಾತೀತ) ಬೆಳಕು ಬಿದ್ದರೆ ಗಟ್ಟಿಯಾಗುವ ಅಂಟಿನಲ್ಲಿ ಅಚ್ಚೊತ್ತಿ ಅದನ್ನು ಮಾಡುತ್ತಾರೆ. ಪೀಣ್ಯದ ನಮ್ಮ ಶೆಡ್‌ನಲ್ಲಿ ನಾನು ಇದೇ ಕೆಲಸವನ್ನು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡುತ್ತೇನೆ. ಸ್ಟೆಬಿಲೈಸರ್, ಮೀಟರ್ ಬಾಕ್ಸ್‌ಗಳ ಮುಂದಿನ ಪ್ಲೇಟ್‌ಗಳಿಗೆ.

ಹಾಳೆಯನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಿಂದ ಒರೆಸಿ, ಒಂದು ಅಂಚಿಗೆ ಅಂಟಿನ ಗೆರೆ ಎಳೆಯುತ್ತೇನೆ. ಅದರ ಮೇಲೆ ಏರುತಗ್ಗುಗಳಿರುವ ಪಿಇಟಿ (ಪಾರದರ್ಶಕ ಪ್ಲಾಸ್ಟಿಕ್) ಫಿಲ್ಮಿನ ಅಚ್ಚು ಇಟ್ಟು, ರಬ್ಬರ್ ರೋಲರ್‌ನಿಂದ ಆ ತುದಿಯವರೆಗೆ ಒತ್ತಿಕೊಂಡು ಹೋಗುತ್ತೇನೆ. ಇಡೀ ಕೆಲಸದ ಕಷ್ಟ ಇರುವುದು ಇಲ್ಲೇ. ರೋಲರ್‌ನ ಮುಂದೆ ಅಂಟು ಸಣ್ಣ ಅಲೆಯ ಹಾಗೆ, ಅಗಲಕ್ಕೂ ಒಂದೇ ಸಮ ಸಾಗುತ್ತಿರಬೇಕು. ಅಲೆ ಎಲ್ಲಿ ತುಂಡಾಯಿತೋ ಅಲ್ಲೇ ಗುಳ್ಳೆ. ಡಿಸೆಂಬರ್ ಬೆಳಿಗ್ಗೆ ಅಂಟು ಗಟ್ಟಿಯಾಗಿ ಅಲೆ ತುಂಡಾಗುವುದು ಜಾಸ್ತಿ. ಆಗ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತೇನೆ.

ಮೊದಲ ದಿನ ಹಾಳೆಯ ಕೆಳಗಿನಿಂದ 365 ನ್ಯಾನೋಮೀಟರ್ ಯುವಿ ದೀಪ ಹಿಡಿದೆ. ಬೆಳಕು ಕೊಟ್ಟಷ್ಟೂ ಕೊಟ್ಟೆ. ಅಚ್ಚು ಬಿಡಿಸಿದರೆ ಅಂಟು ಜೇನಿನ ಹಾಗೆ ಎಳೆ ಎಳೆಯಾಗಿ ಬಂತು. ಅಂಟೇ ಹಳೆಯದು ಎಂದುಕೊಂಡು ಹೊಸ ಬಾಟಲಿ ತೆರೆದೆ, ಅದೂ ಹಾಗೇ. ಆಮೇಲೆ ತಿಳಿಯಿತು: ನಾವು ತರಿಸಿದ್ದು ಬಿಸಿಲಿಗೆ ಹಳದಿಯಾಗದ ಹಾಗೆ ಮಾಡಿದ ಹಾಳೆ. ಅದು ಯುವಿ ಬೆಳಕನ್ನು ತಾನೇ ನುಂಗಿಬಿಡುತ್ತದೆ, ಅಂಟಿಗೆ ಏನೂ ಉಳಿಯುವುದಿಲ್ಲ. ದೀಪವನ್ನು ಮೇಲೆ, ಅಚ್ಚಿನ ಕಡೆಯಿಂದ ಹಿಡಿದೆ. ಪಿಇಟಿ ಆ ಬೆಳಕನ್ನು ಬಿಡುತ್ತದೆ. ಕೆಲವೇ ಸೆಕೆಂಡಿಗೆ ಗಟ್ಟಿ!

ಅಚ್ಚನ್ನು ಮೂಲೆಯಿಂದ ಹಿಡಿದು ನಿಧಾನವಾಗಿ, ಆದಷ್ಟು ಮಲಗಿಸಿಯೇ ಎಳೆಯಬೇಕು. ನಡುವೆ ಕೈ ನಿಲ್ಲಿಸಿದರೆ ಅಲ್ಲೊಂದು ಅಡ್ಡಗೆರೆ ಉಳಿಯುತ್ತದೆ. ಗಟ್ಟಿಯಾದ ಅಂಟು ಹಾಳೆಯನ್ನು ಎಷ್ಟು ಹಿಡಿದಿದೆ ಎಂದು ನೋಡುವುದಕ್ಕೆ ಒಂದು ತುಂಡಿನ ಮೇಲೆ ಬ್ಲೇಡಿನಿಂದ 1 ಮಿಲಿಮೀಟರ್ ಅಂತರದಲ್ಲಿ ಉದ್ದಕ್ಕೆ 11, ಅಡ್ಡಕ್ಕೆ 11 ಗೆರೆ ಕೊಯ್ಯುತ್ತೇನೆ. 100 ಚೌಕ ಆಗುತ್ತದೆ. ಟೇಪ್ ಅಂಟಿಸಿ ಕಿತ್ತಾಗ ಒಂದು ಚೌಕವೂ ಏಳಬಾರದು.

ಗಟ್ಟಿಯಾಗದ ಅಂಟನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿಕೊಂಡರೆ ಮತ್ತೆ ಈ ಕೆಲಸಕ್ಕೆ ಕೈ ಹಾಕುವುದೇ ಕಷ್ಟ. ನೈಟ್ರೈಲ್ ಗ್ಲೌಸ್, ಯುವಿ ಕನ್ನಡಕ ಇಲ್ಲದೆ ನಮ್ಮ ಹುಡುಗರನ್ನು ಟೇಬಲ್ ಹತ್ತಿರವೂ ಬಿಡುವುದಿಲ್ಲ.

ಇನ್ನೊಂದು ಮಾತು. ಅವಸರಕ್ಕೆ ಒಮ್ಮೆ ಹಾಳೆಯ ಹಿಂಬದಿಯಲ್ಲಿ ಅಚ್ಚೊತ್ತಿದ ಗೆರೆಗಳ ಮೇಲೆ ನೇರವಾಗಿ ಕಪ್ಪು ಸ್ಕ್ರೀನ್ ಪ್ರಿಂಟಿಂಗ್ ಇಂಕ್ ಹೊಡೆಸಿದೆ. ಮುಂದಿನಿಂದ ನೋಡಿದರೆ ಗೆರೆಯೇ ಇಲ್ಲ! ಇಂಕು ತಗ್ಗುಗಳನ್ನು ತುಂಬಿಬಿಟ್ಟಿತ್ತು. ಇಂಕಿಗೂ ಅಂಟಿಗೂ ಬೆಳಕು ಬಾಗುವ ರೀತಿ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕಣ್ಣಿಗೆ ಎರಡೂ ಒಂದಾಗಿ ಕಾಣುತ್ತವೆ. ಈಗ ನಡುವೆ ಬೆಳಕನ್ನು ಹಿಂದಕ್ಕೆ ಹೊಳೆಸುವ ತೆಳುವಾದ ಲೋಹದ ಪದರ ಹಾಕಿಸಿ ತರುತ್ತೇನೆ, ಆಮೇಲೆ ಕಪ್ಪು. ಅಂಥ ಹಾಳೆಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿದಾಗ ಗೆರೆ ಈ ತುದಿಯಿಂದ ಆ ತುದಿಗೆ ಸರ್ರನೆ ಓಡುತ್ತದೆ. ಪ್ಯಾಕ್ ಮಾಡುವ ಮುಂಚೆ ಪ್ರತಿ ಹಾಳೆಯನ್ನೂ ಹಾಗೆ ಒಮ್ಮೆ ತಿರುಗಿಸಿ ನೋಡುತ್ತೇನೆ.