ಹಿತ್ತಿಲಿನಲ್ಲಿ ಕೋಳಿಗೂಡು ಕಟ್ಟುವ ಬಗೆ

ಮಲೆನಾಡಿನ ಒಂದು ಮನೆಯ ಹಿತ್ತಿಲಿಗೆ 8 ಹೇಂಟೆ, 1 ಹುಂಜ ಧಾರಾಳವಾಯಿತು. ಹಗಲೆಲ್ಲ ತೋಟದಲ್ಲಿ ಕೆದರಿ ಮೇಯ್ದು ರಾತ್ರಿ ಮಾತ್ರ ಒಳಗಿರುವ ನಾಟಿ ಕೋಳಿಗೆ ತಲೆಗೆ 2 ಚದರ ಅಡಿಯಂತೆ ಲೆಕ್ಕ ಹಾಕಿದರೆ 18 ಚದರ ಅಡಿ ಬೇಕಾಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲದ ಗೂಡು ಕಟ್ಟಿಕೊಂಡರೆ ಕಾವಿಗೆ ಕೂತ ಹೇಂಟೆಗೂ ಜಾಗ ಉಳಿಯುತ್ತದೆ. ಗಿರಿರಾಜದಂಥ ದಪ್ಪ ತಳಿಯಾದರೆ ಇದೇ ಗೂಡಿಗೆ 6ಕ್ಕಿಂತ ಹೆಚ್ಚು ತುಂಬಬಾರದು.

ನೀರು ನಿಲ್ಲದ, ಮನೆಯ ಕಿಟಕಿಯಿಂದ ಕಾಣುವ ಜಾಗವನ್ನು ಆರಿಸಿ, ಗೂಡಿನ ಉದ್ದವು ಪೂರ್ವ–ಪಶ್ಚಿಮವಾಗಿ ಇರುವಂತೆ ಗುರುತು ಹಾಕಿಕೊಳ್ಳಿ. ಹೀಗೆ ಮಾಡಿದರೆ ಬೇಸಿಗೆಯ ಬಿಸಿಲು ಗಿಡ್ಡ ಗೋಡೆಗಳಿಗಷ್ಟೇ ನೇರವಾಗಿ ಹೊಡೆಯುತ್ತದೆ; ಮಳೆಗಾಲದ ಎರಚಲು ಬರುವ ಪಶ್ಚಿಮದ ಗೋಡೆಯನ್ನು ಹಲಗೆಯಿಂದ ಪೂರ್ತಿ ಮುಚ್ಚಿಬಿಡಬಹುದು. ನಾಲ್ಕು ಮೂಲೆಗೆ ಮತ್ತು ಉದ್ದದ ನಡುವೆ ಒಂದೊಂದರಂತೆ ಒಟ್ಟು 6 ಕಂಬಗಳು ಬೇಕು. ಅಕೇಶಿಯಾ ಕಂಬವನ್ನು ನೇರವಾಗಿ ಮಣ್ಣಿಗೆ ಹೂತರೆ ಗೆದ್ದಲಿಗೆ ಊಟವಿಟ್ಟಂತೆ; ಬುಡಕ್ಕೆ ಡಾಂಬರು ಬಳಿದು ಕಾಂಕ್ರೀಟಿನಲ್ಲಿ ನಿಲ್ಲಿಸಬೇಕು. ನೆಲಕಟ್ಟು ಮಣ್ಣಿನಿಂದ ಎರಡೂವರೆ ಅಡಿ ಮೇಲಿರಲಿ. ಅದರ ಮೇಲೆ ಉತ್ತರದಲ್ಲಿ ನಾಲ್ಕೂವರೆ ಅಡಿ, ದಕ್ಷಿಣದಲ್ಲಿ ಮೂರೂವರೆ ಅಡಿ ಎತ್ತರ ಬಿಟ್ಟರೆ ಮಾಡಿಗೆ ಬೇಕಾದ ಇಳಿಜಾರು ತಾನಾಗಿಯೇ ಸಿಗುತ್ತದೆ. ಹೊದಿಕೆಗೆ ತಗಡು ಹಾಕಿ, ಅದರ ಮೇಲೆ ತೆಂಗಿನ ಗರಿ ಹೊದಿಸಿ. ಸೂರು ಮಾತ್ರ ನಾಲ್ಕೂ ಕಡೆ 2 ಅಡಿ ಹೊರಗೆ ಚಾಚಿರಬೇಕು.

ಹಣ ಉಳಿಸಬಾರದ ಜಾಗವೆಂದರೆ ಬಲೆ. ನಾನು ಮೊದಲ ಗೂಡಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಷಟ್ಕೋನದ ತೆಳು ಕೋಳಿಬಲೆಯನ್ನೇ ಹೊಡೆದಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಕೆಳಮೂಲೆಯಲ್ಲಿ ಮೊಳೆ ಕಿತ್ತು ಬಲೆ ಅಂಗೈಯಗಲ ಒಳಕ್ಕೆ ಮಡಚಿಕೊಂಡಿತ್ತು, ತಂತಿಯ ತುದಿಗೆ ಕಂದು ಪುಕ್ಕದ ಗೊಂಚಲು ಅಂಟಿತ್ತು, ಒಳಗೆ 3 ಹೇಂಟೆಗಳು ಸತ್ತು ಬಿದ್ದಿದ್ದವು. ಆ ಬಲೆ ಕೋಳಿಯನ್ನು ಒಳಗಿಡಬಲ್ಲದೇ ಹೊರತು ಕಬ್ಬೆಕ್ಕನ್ನು ಹೊರಗಿಡಲಾರದು. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ, ಸತು ಲೇಪಿಸಿದ ಕಬ್ಬಿಣದ ಬಲೆ (ಜಿಐ ವೆಲ್ಡ್‌ಮೆಶ್) ತಂದು, ಅಂಚನ್ನು ಬರಿಯ ಮೊಳೆಗೆ ಬಿಡದೆ, ಮೇಲೊಂದು ಮರದ ಪಟ್ಟಿ ಇಟ್ಟು ಅರ್ಧ ಅಡಿಗೊಂದರಂತೆ ತಿರುಪು ಬಿಗಿಯಬೇಕು. ನೆಲಕ್ಕೂ ಬಲೆಯೇ ಸಾಕು: ಅಡಿಗೊಂದು ಅಡ್ಡಪಟ್ಟಿ ಕೊಟ್ಟು, ಒಂದಿಂಚು ಉದ್ದ, ಅರ್ಧ ಇಂಚು ಅಗಲದ ಕಣ್ಣಿನ ದಪ್ಪ ಬಲೆ ಹಾಸಿದರೆ ಹಿಕ್ಕೆ ಕೆಳಗೆ ಉದುರುತ್ತದೆ. ಹಲಗೆಯ ಮೇಲೆ ಭತ್ತದ ಹೊಟ್ಟು ಹರಡುವ ಕ್ರಮ ಬಯಲುಸೀಮೆಗೆ ಚೆನ್ನ. ನಮ್ಮ ಆಷಾಢದ ಥಂಡಿಗೆ ಆ ಹೊಟ್ಟು ವಾರದೊಳಗೆ ಮುದ್ದೆಯಾಗಿ ನಾರುತ್ತದೆ. ಮರಿಗಳಿರುವ ಹೇಂಟೆಗೆ ಮಾತ್ರ ಆ ಬಲೆಯ ಮೇಲೊಂದು ಗೋಣಿ ಹಾಸಿಕೊಡಿ.

ಮಳೆಗಾಲ ಬಂತೆಂದು ಗೂಡಿಗೆ ಸುತ್ತಲೂ ಪ್ಲಾಸ್ಟಿಕ್ ಸುತ್ತುವವರನ್ನು ಕಂಡಿದ್ದೇನೆ. ಮೈ ಒಣಗಿರುವ ಕೋಳಿ ನಮ್ಮ ಚಳಿಯನ್ನು ಸಲೀಸಾಗಿ ತಡೆಯುತ್ತದೆ; ಮುಚ್ಚಿದ ಗೂಡಿನ ತೇವ ಮತ್ತು ಹಿಕ್ಕೆಯಿಂದ ಏಳುವ ಅಮೋನಿಯಾ ಅದರ ಉಸಿರನ್ನು ಕೆಡಿಸುತ್ತವೆ. ಎರಚಲು ಹೆಚ್ಚಾದರೆ ಗೋಣಿಯ ಪರದೆ ಇಳಿಬಿಡಿ, ಆದರೆ ಮಾಡಿನ ಕೆಳಗಿನ ಒಂದು ಅಡಿಯಷ್ಟು ಬಲೆ ಯಾವಾಗಲೂ ತೆರೆದಿರಲಿ.

ಕೂರುವ ಅಡ್ಡೆಗೆ 2 ಇಂಚು ದಪ್ಪದ ದುಂಡು ಕೋಲು ಬೇಕು. ಚೂಪು ಅಂಚಿನದಾದರೆ ಅಂಗಾಲು ಗಾಯವಾಗಿ ಬಾವು ಬರುತ್ತದೆ. ಕೋಳಿಗೆ 10 ಇಂಚಿನಂತೆ ಏಳೂವರೆ ಅಡಿ ಸಾಕಾದರೂ ಗೂಡಿನ ಉದ್ದಕ್ಕೆ ಎರಡು ಕೋಲುಗಳನ್ನು, ನಡುವೆ ಒಂದೂಕಾಲು ಅಡಿ ಬಿಟ್ಟು, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಸರಿಸಮವಾಗಿ ಇಡಿ. ಒಂದನ್ನು ಮೇಲಿಟ್ಟರೆ ಪ್ರತಿ ಸಂಜೆ ಅದಕ್ಕಾಗಿ ಜಗಳ. ಕೋಲಿಗೆ ಮೊಳೆ ಹೊಡೆಯದೆ ಕಚ್ಚಿನಲ್ಲಿ ಕೂರಿಸಬೇಕು, ಏಕೆಂದರೆ ರಕ್ತ ಹೀರುವ ಕೆಂಪು ನುಸಿ ಹಗಲಿನಲ್ಲಿ ಅಡಗುವುದು ಆ ಸಂದಿನಲ್ಲಿಯೇ. ತಿಂಗಳಿಗೊಮ್ಮೆ ಕೋಲನ್ನು ಎತ್ತಿ ತುದಿಯನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಉದುರಿದ ಧೂಳು ಹರಿದಾಡಿದರೆ, ಬೆರಳಿನಲ್ಲಿ ಒರೆಸಿದಾಗ ಕೆಂಪು ಗೀರು ಬಿದ್ದರೆ, ಕೋಲನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು, ಸಂದುಗಳಿಗೆ ಸುಣ್ಣ ಬಳಿಯಿರಿ.

ಮೊಟ್ಟೆಯಿಡುವ ಪೆಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೊಂದು ಅಡಿ ಇದ್ದು, 4 ಹೇಂಟೆಗೆ ಒಂದರಂತೆ 2 ಇರಲಿ. ಅಡ್ಡೆಗಿಂತ ತಗ್ಗಿನಲ್ಲಿಡದಿದ್ದರೆ ಅವು ಅಲ್ಲೇ ಮಲಗಿ ಹೊಲಸು ಮಾಡುತ್ತವೆ. ಬಾಗಿಲಿಗೆ ಬರಿಯ ಕೊಕ್ಕೆ ಸಾಲದು; ಚಿಲಕ ಹಾಕಿ, ಅದರ ಕಣ್ಣಿಗೊಂದು ಕೊಂಡಿ ಸಿಕ್ಕಿಸಬೇಕು. ಮುಂಗುಸಿ ಹಗಲಿನ ಪ್ರಾಣಿಯಾದ್ದರಿಂದ ಅದಕ್ಕೆ ಗೂಡು ಉತ್ತರವಲ್ಲ, ನಾಯಿ ಉತ್ತರ. ಕೆಳಗೆ ಬಿದ್ದ ಹಿಕ್ಕೆಗೆ ಒಣ ದರಗು ಹಾಕುತ್ತ ವಾರಕ್ಕೊಮ್ಮೆ ಕೆರೆದು ಗುಂಡಿಗೆ ಹಾಕಿ ಕೊಳೆಸಿ. ಹಸಿಯಾಗಿ ಹಾಕಿದರೆ ಮೆಣಸಿನ ಬಳ್ಳಿಯ ಬೇರು ಸುಡುತ್ತದೆ.

ಹೊಸ ಗೂಡಿಗೆ ಕೋಳಿಗಳನ್ನು ಬಿಟ್ಟ ಮೇಲೆ ಮೊದಲ 4 ದಿನ ನೀರು, ಕಾಳು ಒಳಗೇ ಕೊಟ್ಟು ಹೊರಗೆ ಬಿಡಬೇಡಿ. ಐದನೆಯ ದಿನ ಕತ್ತಲಾಗಲು ಒಂದು ತಾಸು ಇರುವಾಗ ಬಾಗಿಲು ತೆರೆದರೆ, ಹೊತ್ತು ಮುಳುಗುವಷ್ಟರಲ್ಲಿ ಹೆಚ್ಚಿನವು ತಾವಾಗಿಯೇ ಮರಳಿ ಬರುತ್ತವೆ. ಹಲಸಿನ ಮರ ಹತ್ತಿ ಕುಳಿತ ಒಂದೆರಡನ್ನು ಕತ್ತಲಾದ ಮೇಲೆ ಟಾರ್ಚು ಹಿಡಿದು, ಏಣಿ ಹಾಕಿ ಇಳಿಸಿ ತರಬೇಕಾಗುತ್ತದೆ.