ಮೆಡಿಕೇರ್ ಕಾರ್ಡು ಬಂದ ದಿನವನ್ನು ಬರೆದಿಟ್ಟುಕೊಳ್ಳಿ: ಆಸ್ಟ್ರೇಲಿಯಾದ ಆರೋಗ್ಯ ನಿಧಿಗಳ ಚರಿತ್ರೆ ಮತ್ತು ಒಂದು ಗಡುವು

ಕಳೆದ ತಿಂಗಳು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿರುವ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆವು. ಮಾತಿನ ನಡುವೆ ಮನೆಯ ಯಜಮಾನರು, "ಹೇಗೂ ಮೆಡಿಕೇರ್ ಇದೆ, ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ಖಾಸಗಿ ವಿಮೆಯನ್ನು ನಿಧಾನವಾಗಿ ನೋಡಿಕೊಂಡರಾಯಿತು" ಎಂದರು. ಹದಿನೈದು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಗೆ ಹೀಗೆಯೇ ಹೇಳಿದ್ದೆ. ಇಲ್ಲಿನ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಹೆಸರು ನೋಂದಾಯಿಸಿದ್ದು ಯಾವಾಗ ಎಂದು ಯಜಮಾನರನ್ನು ಕೇಳಿದಾಗ ಅವರಿಗೆ ನೆನಪಾಗಲಿಲ್ಲ. ಕಾಗದಪತ್ರಗಳನ್ನು ತೆಗೆಸಿ ನೋಡಿದರೆ ಹನ್ನೊಂದು ತಿಂಗಳು ಕಳೆದಿತ್ತು. ಇನ್ನೊಂದು ತಿಂಗಳು ಸುಮ್ಮನಿದ್ದಿದ್ದರೆ, ಮುಂದೆ ಖಾಸಗಿ ಆಸ್ಪತ್ರೆ ವಿಮೆ ಕೊಂಡಾಗ ಅವರು ಕಂತಿನ ಜೊತೆಗೆ ಹತ್ತು ವರ್ಷ ದಂಡವನ್ನೂ ಕಟ್ಟಬೇಕಾಗುತ್ತಿತ್ತು. ಆ ದಂಡ ಏಕೆ ಹುಟ್ಟಿತು ಎಂಬುದನ್ನು ತಿಳಿಯಬೇಕಾದರೆ ಇಲ್ಲಿನ ಲಾಭರಹಿತ ಆರೋಗ್ಯ ನಿಧಿಗಳ ಚರಿತ್ರೆಯನ್ನು ಸ್ವಲ್ಪವಾದರೂ ತಿಳಿದಿರಬೇಕು.

ಈ ದೇಶದಲ್ಲಿ ಆರೋಗ್ಯ ವಿಮೆ ವ್ಯಾಪಾರವಾಗಿ ಹುಟ್ಟಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೂಲಿಕಾರರು ಮತ್ತು ಕುಶಲಕರ್ಮಿಗಳು ಪರಸ್ಪರ ಸಹಾಯ ಸಂಘಗಳನ್ನು ಕಟ್ಟಿಕೊಂಡು, ಸಣ್ಣ ವಂತಿಗೆ ಹಾಕಿ, ಸಂಘಕ್ಕೊಬ್ಬ ವೈದ್ಯರನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ರೋಗಿಗಳ ಕೈಯಲ್ಲೂ ಆಸ್ಪತ್ರೆಗಳ ಕೈಯಲ್ಲೂ ಹಣವಿಲ್ಲದಾಗ, 1932ರಲ್ಲಿ ಸಿಡ್ನಿಯಲ್ಲಿ ಮೆಟ್ರೊಪಾಲಿಟನ್ ಹಾಸ್ಪಿಟಲ್ಸ್ ಕಾಂಟ್ರಿಬ್ಯೂಷನ್ ಫಂಡ್ ಆರಂಭವಾಯಿತು. ಆರೋಗ್ಯವಾಗಿರುವಾಗ ಸ್ವಲ್ಪ ಸ್ವಲ್ಪವಾಗಿ ಕಟ್ಟಿದ ಹಣ ಕಾಯಿಲೆಯ ಹೊತ್ತಿಗೆ ಆಸ್ಪತ್ರೆಯ ಬಿಲ್ಲಿಗೆ ಒದಗಬೇಕು ಎಂಬುದಷ್ಟೇ ಅದರ ಉದ್ದೇಶವಾಗಿತ್ತು. ಇಂದು ನಾವು ಎಚ್‌ಸಿಎಫ್ ಎಂದು ಕರೆಯುವ, ದೇಶದ ಅತಿದೊಡ್ಡ ಲಾಭರಹಿತ ಆರೋಗ್ಯ ನಿಧಿ ಅದೇ. ಷೇರುದಾರರಿಲ್ಲದ ಕಾರಣ ಅಲ್ಲಿ ಯಾರಿಗೂ ಲಾಭಾಂಶ ಹಂಚಬೇಕಾಗಿಲ್ಲ.

1953ರ ರಾಷ್ಟ್ರೀಯ ಆರೋಗ್ಯ ಕಾಯ್ದೆ ಇಂಥ ನಿಧಿಗಳನ್ನು ಇಡೀ ವ್ಯವಸ್ಥೆಯ ಆಧಾರಕಂಬಗಳನ್ನಾಗಿ ಮಾಡಿತು. ಸ್ವತಃ ಶಸ್ತ್ರವೈದ್ಯರಾಗಿದ್ದ ಆರೋಗ್ಯ ಸಚಿವ ಅರ್ಲ್ ಪೇಜ್ ಅವರು, ಜನ ತಾವಾಗಿಯೇ ನಿಧಿಗಳಿಗೆ ಸೇರಬೇಕು, ಸೇರಿದವರಿಗೆ ಸರಕಾರವೂ ನೆರವಾಗಬೇಕು ಎಂಬ ಯೋಜನೆಯನ್ನು ತಂದರು. ಎಳೆಯರಿಗೂ ಮುದುಕರಿಗೂ, ಕಾಯಿಲೆಯವರಿಗೂ ಆರೋಗ್ಯವಂತರಿಗೂ ಒಂದೇ ಕಂತು ಎಂಬ ನಿಯಮ ಗಟ್ಟಿಯಾಗಿ ನೆಲೆಯೂರಿದ್ದು ಆಗಲೇ. ಆದರೆ ಲಾಭರಹಿತ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿತ್ತೆಂದು ತಿಳಿಯಬಾರದು. 1969ರಲ್ಲಿ ನ್ಯಾಯಮೂರ್ತಿ ನಿಮ್ಮೊ ಅವರ ಸಮಿತಿ, ಈ ವಿಮೆ ವಿನಾಕಾರಣ ಜಟಿಲವಾಗಿದೆ, ಬಡವರಿಗೆ ಕಂತು ಕಟ್ಟಲಾಗುತ್ತಿಲ್ಲ, ಕೆಲವು ನಿಧಿಗಳು ಬೇಕಾದುದಕ್ಕಿಂತ ಹೆಚ್ಚು ಹಣವನ್ನು ಕೂಡಿಟ್ಟುಕೊಂಡಿವೆ ಎಂದು ವರದಿ ಕೊಟ್ಟಿತು. ಆ ಅಸಮಾಧಾನದ ನಡುವೆ ವಿಟ್ಲಮ್ ಸರಕಾರ 1975ರ ಜುಲೈ 1ರಂದು ಮೆಡಿಬ್ಯಾಂಕ್ ಎಂಬ ಸಾರ್ವಜನಿಕ ವಿಮೆಯನ್ನು ತಂದಿತು. ಮುಂದಿನ ಸರಕಾರ ಅದನ್ನು ಹಂತಹಂತವಾಗಿ ಕಳಚಿಹಾಕಿತು. 1984ರ ಫೆಬ್ರವರಿ 1ರಂದು ಅದೇ ಕಲ್ಪನೆ ಮೆಡಿಕೇರ್ ಎಂಬ ಹೆಸರಿನಲ್ಲಿ ಮರಳಿ ಬಂದಿತು.

ನಮ್ಮ ಗಡುವಿನ ಬೇರು ಇರುವುದು ಇಲ್ಲಿಯೇ. ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ದೊರೆಯತೊಡಗಿದ ಮೇಲೆ ಎಳೆಯರು, ಆರೋಗ್ಯವಂತರು ಒಬ್ಬೊಬ್ಬರಾಗಿ ನಿಧಿಗಳನ್ನು ಬಿಟ್ಟರು. ಆಸ್ಪತ್ರೆಯ ಅಗತ್ಯ ಹೆಚ್ಚಾಗಿರುವವರು ಉಳಿದರು. ಎಲ್ಲರಿಗೂ ಒಂದೇ ಕಂತು ಎಂಬ ನಿಯಮವಿದ್ದುದರಿಂದ ಕಂತು ಏರಿತು, ಏರಿದ್ದನ್ನು ಕಂಡು ಇನ್ನಷ್ಟು ಜನ ಬಿಟ್ಟರು. 1984ರಲ್ಲಿ ಜನಸಂಖ್ಯೆಯ ಅರ್ಧದಷ್ಟು ಜನರಿಗಿದ್ದ ಆಸ್ಪತ್ರೆ ವಿಮೆ 1990ರ ದಶಕದ ಕೊನೆಯ ಹೊತ್ತಿಗೆ ಶೇ. 30ರ ಆಸುಪಾಸಿಗೆ ಇಳಿಯಿತು. ಸರಕಾರ 1999ರಲ್ಲಿ ಕಂತಿನ ಶೇ. 30ರಷ್ಟನ್ನು ತಾನೇ ಕೊಡಲು ಮುಂದಾಯಿತು. ಅಷ್ಟರಿಂದ ಸಾಲದೆ 2000ದ ಜುಲೈನಲ್ಲಿ 'ಲೈಫ್‌ಟೈಮ್ ಹೆಲ್ತ್ ಕವರ್' ಎಂಬ ನಿಯಮವನ್ನು ಜಾರಿಗೆ ತಂದಿತು. ತಡವಾಗಿ ಬಂದವರು ಹೆಚ್ಚು ಕೊಡಬೇಕು ಎಂಬುದು ಅದರ ತಿರುಳು. ವಿಮೆಯುಳ್ಳವರ ಪ್ರಮಾಣ ಕೆಲವೇ ತಿಂಗಳಲ್ಲಿ ಶೇ. 45ರ ಹತ್ತಿರಕ್ಕೆ ಜಿಗಿಯಿತು.

ಈಗ ಆ ನಿಯಮವನ್ನು ಗಮನವಿಟ್ಟು ಓದಿ. ಮೂವತ್ತೊಂದು ತುಂಬಿದ ನಂತರದ ಜುಲೈ 1ರೊಳಗೆ ಆಸ್ಪತ್ರೆ ವಿಮೆ ಕೊಳ್ಳದವರಿಗೆ, ಮುಂದೆ ಕೊಳ್ಳುವಾಗ ಮೂವತ್ತರ ಮೇಲಿನ ಪ್ರತಿ ವರ್ಷಕ್ಕೆ ಶೇ. 2ರಂತೆ ಕಂತಿನ ಮೇಲೆ 'ಲೋಡಿಂಗ್' ಬೀಳುತ್ತದೆ. ಇದರ ಗರಿಷ್ಠ ಮಿತಿ ಶೇ. 70. ಹೊರದೇಶದಿಂದ ಬಂದ, ಆ ವಯಸ್ಸು ದಾಟಿದ ನಮ್ಮಂಥವರಿಗೆ ಒಂದು ವಿನಾಯಿತಿ ಇದೆ: ಪೂರ್ಣ ಮೆಡಿಕೇರ್‌ಗೆ ನೋಂದಣಿಯಾದ ದಿನದಿಂದ ಹನ್ನೆರಡು ತಿಂಗಳೊಳಗೆ ಆಸ್ಪತ್ರೆ ವಿಮೆ ಕೊಂಡರೆ ವಯಸ್ಸು ಎಷ್ಟೇ ಆಗಿದ್ದರೂ ಲೋಡಿಂಗ್ ಇಲ್ಲ. ಎಣಿಕೆ ಶುರುವಾಗುವುದು ನೋಂದಣಿಯ ದಿನದಿಂದಲೇ ಹೊರತು ಪಿಆರ್ (ಕಾಯಂ ನಿವಾಸದ ಅನುಮತಿ) ಕೈಗೆ ಬಂದ ದಿನದಿಂದಲ್ಲ. ಪಿಆರ್ ಅರ್ಜಿ ಇನ್ನೂ ವಿಚಾರಣೆಯಲ್ಲಿರುವಾಗಲೇ ಅನೇಕರಿಗೆ ನೀಲಿ ಬಣ್ಣದ ತಾತ್ಕಾಲಿಕ ಮೆಡಿಕೇರ್ ಕಾರ್ಡು ಬಂದಿರುತ್ತದೆ. ನಮಗೂ ಬಂದಿತ್ತು. ಪಿಆರ್ ಬಂದದ್ದು ಎಂಟು ತಿಂಗಳ ನಂತರ. ನಾನು ಅಲ್ಲಿಂದ ಹನ್ನೆರಡು ತಿಂಗಳು ಎಣಿಸಿಕೊಂಡು, ಸಮಯ ಬೇಕಾದಷ್ಟಿದೆ ಎಂದುಕೊಂಡು, ನೀಲಿ ಕಾರ್ಡು ಬಂದ ಹದಿನಾಲ್ಕನೆಯ ತಿಂಗಳಲ್ಲಿ ವಿಮೆ ಕೊಳ್ಳಲು ಹೋದೆ.

ಎರಡು ತಿಂಗಳ ತಡಕ್ಕೆ ಎರಡು ತಿಂಗಳ ದಂಡ ಎಂದು ಭಾವಿಸಬೇಡಿ. ಗಡುವು ಒಂದು ದಿನ ದಾಟಿದರೂ ಮೂವತ್ತರಿಂದ ಈಚಿನ ಎಲ್ಲ ವರ್ಷಗಳೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಆ ವರ್ಷಗಳಲ್ಲಿ ನಾನು ಬೆಂಗಳೂರಿನಲ್ಲಿದ್ದೆ, ಇಲ್ಲಿ ವಿಮೆ ಕೊಳ್ಳುವ ಪ್ರಶ್ನೆಯೇ ಇರಲಿಲ್ಲ ಎಂಬ ವಾದ ನಡೆಯುವುದಿಲ್ಲ. ನನಗೆ ಆಗ ನಲವತ್ತು, ಹಾಗಾಗಿ ಶೇ. 20, ಹೆಂಡತಿಗೆ ಮೂವತ್ತನಾಲ್ಕು, ಶೇ. 8, ಜೋಡಿ ಪಾಲಿಸಿಯಲ್ಲಿ ಇವೆರಡರ ಸರಾಸರಿ ಹಿಡಿಯುವುದರಿಂದ ಶೇ. 14. ತಿಂಗಳಿಗೆ 220 ಡಾಲರ್ ಕಂತಿನ ಮೇಲೆ ಸುಮಾರು 31 ಡಾಲರ್. ಇದು ಹತ್ತು ವರ್ಷ ಬಿಡದೆ ನಡೆಯಿತು. ಕಂತು ವರ್ಷವರ್ಷ ಏರುತ್ತಿದ್ದಂತೆ ಲೋಡಿಂಗೂ ಏರಿ, ಒಟ್ಟು ನಾಲ್ಕು ಸಾವಿರ ಡಾಲರಿಗಿಂತ ಹೆಚ್ಚು ಹೋಯಿತು. ಆ ಹಣಕ್ಕೆ ಪ್ರತಿಯಾಗಿ ಒಂದು ಮಾತ್ರೆಯೂ ಹೆಚ್ಚು ದೊರೆಯಲಿಲ್ಲ. ಲೋಡಿಂಗಿನ ಭಾಗಕ್ಕೆ ಸರಕಾರದ ರಿಯಾಯಿತಿಯೂ ಅನ್ವಯಿಸುವುದಿಲ್ಲ.

ಇದೇ ಗಡುವಿಗೆ ಹೊಂದಿಕೊಂಡ ಇನ್ನೆರಡು ತಪ್ಪುಗಳನ್ನು ನಮ್ಮವರಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ವೀಸಾದ ಮೇಲಿದ್ದಾಗ ಕಟ್ಟಿದ ವಿದೇಶಿ ಸಂದರ್ಶಕರ ವಿಮೆ ಈ ಲೆಕ್ಕಕ್ಕೆ ಬರುವುದಿಲ್ಲ. ಅದೇ ಕಂಪನಿಯಾದರೂ ಸ್ಥಳೀಯ ಆಸ್ಪತ್ರೆ ಪಾಲಿಸಿಗೆ ಬದಲಾಯಿಸಿಕೊಳ್ಳಲೇಬೇಕು. ಹಲ್ಲು, ಕನ್ನಡಕಗಳಿಗೆಂದು ಕೊಳ್ಳುವ 'ಎಕ್ಸ್‌ಟ್ರಾಸ್' ಪಾಲಿಸಿಯೂ ಆಸ್ಪತ್ರೆ ವಿಮೆಯಲ್ಲ. ಹೆಚ್ಚು ವರಮಾನದವರ ಮೇಲೆ ಬೀಳುವ ಮೆಡಿಕೇರ್ ಲೆವಿ ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆಯಿಂದಲೂ ಅದು ಕಾಪಾಡುವುದಿಲ್ಲ.

ಯಾವ ವ್ಯವಸ್ಥೆ ಮೇಲು ಎಂದು ಕೇಳಿದರೆ, ಇಷ್ಟು ಕಳೆದುಕೊಂಡ ಮೇಲೂ ನಾನು ಇಲ್ಲಿನದನ್ನೇ ಹೇಳುತ್ತೇನೆ. ಊರಿನಲ್ಲಿ ಎಪ್ಪತ್ತು ದಾಟಿದ ತಂದೆಗೆ ವಿಮೆ ಮಾಡಿಸಲು ಹೊರಟಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಒಂದೊಂದಕ್ಕೂ ಕಂತು ಏರಿದ್ದನ್ನು ಕಂಡಿದ್ದೇನೆ. ಇಲ್ಲಿ ಮೊದಲೇ ಇದ್ದ ಕಾಯಿಲೆಗೆ ಹನ್ನೆರಡು ತಿಂಗಳು ಕಾಯಬೇಕು, ಹೆರಿಗೆಗೂ ಅಷ್ಟೇ. ಅದಾದ ಮೇಲೆ ಕಾಯಿಲೆಯ ಕಾರಣಕ್ಕೆ ಯಾರೂ ಹೆಚ್ಚು ಕೇಳುವಂತಿಲ್ಲ. ಕರ್ನಾಟಕದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರಿಂದ ಆರಂಭದಲ್ಲಿ ತಿಂಗಳಿಗೆ ಐದು ರೂಪಾಯಿ ಪಡೆದು ಶಸ್ತ್ರಚಿಕಿತ್ಸೆ ಮಾಡಿಸಿದ್ದರ ಹಿಂದೆಯೂ ಇದೇ ಹಂಚಿಕೊಳ್ಳುವ ಬುದ್ಧಿಯಿತ್ತು.

ನಿಧಿಯನ್ನು ಆರಿಸುವಾಗ ಅದರ ಒಡೆಯರು ಯಾರೆಂದು ನೋಡುವುದು ಒಳ್ಳೆಯದು. ನ್ಯೂಕ್ಯಾಸಲ್‌ನ ಉಕ್ಕಿನ ಕಾರ್ಖಾನೆಯ ಕೆಲಸಗಾರರು 1952ರಲ್ಲಿ ತಮಗಾಗಿ ಕಟ್ಟಿಕೊಂಡ ಎನ್‌ಐಬಿ 2007ರಲ್ಲಿ ಷೇರುಪೇಟೆಗೆ ಹೋಯಿತು. ಸರಕಾರದ್ದಾಗಿದ್ದ ಮೆಡಿಬ್ಯಾಂಕ್ ಪ್ರೈವೇಟ್ 2014ರಲ್ಲಿ ಮಾರಾಟವಾಯಿತು. ಎಚ್‌ಸಿಎಫ್, ಪಶ್ಚಿಮ ಆಸ್ಟ್ರೇಲಿಯಾದ ಎಚ್‌ಬಿಎಫ್, ಶಿಕ್ಷಕರ ಟೀಚರ್ಸ್ ಹೆಲ್ತ್ ಇಂದಿಗೂ ಲಾಭರಹಿತವಾಗಿ ಉಳಿದಿವೆ. ನನ್ನ ಒಲವು ಇಂಥವುಗಳ ಕಡೆಗೇ. ಆದರೆ ಪಾಲಿಸಿಯಲ್ಲಿ ಏನೇನು ಸೇರಿದೆ ಎಂಬುದನ್ನು ಓದದೆ, ಹೆಸರನ್ನಷ್ಟೇ ನಂಬಿ ಸಹಿ ಹಾಕಬೇಡಿ. ಉದಾಹರಣೆಗೆ, ಹೆರಿಗೆಯನ್ನು ಸೇರಿಸಲೇಬೇಕೆಂಬ ಕಡ್ಡಾಯ ಇರುವುದು ಎಲ್ಲಕ್ಕಿಂತ ಮೇಲಿನ ಗೋಲ್ಡ್ ಮಟ್ಟದ ಪಾಲಿಸಿಗೆ ಮಾತ್ರ.

ಮೆಡಿಕೇರ್ ಕಚೇರಿಯಿಂದ ನೋಂದಣಿಯ ದಿನಾಂಕವಿರುವ ಪತ್ರವನ್ನು ಕೇಳಿ ಪಡೆಯಿರಿ. ವಿನಾಯಿತಿ ಕೊಡಲು ನಿಧಿಯವರು ಅದನ್ನೇ ಕೇಳುತ್ತಾರೆ. ಈಗಾಗಲೇ ಲೋಡಿಂಗ್ ಕಟ್ಟುತ್ತಿರುವವರು ಹತ್ತು ವರ್ಷ ತುಂಬುವ ತಿಂಗಳನ್ನು ಗುರುತು ಹಾಕಿಕೊಂಡು, ಆ ಮೇಲಿನ ಮೊದಲ ಬಿಲ್ಲಿನಲ್ಲಿ ಅದು ಇಳಿದಿದೆಯೇ ಎಂದು ಪರೀಕ್ಷಿಸಿ. ವೆಸ್ಟ್‌ಮೀಡ್‌ನ ಆ ದಂಪತಿ ಮರುವಾರವೇ ಪಾಲಿಸಿ ಕೊಂಡರು. ಅವರ ಗಡುವಿಗೆ ಆಗ ಹತ್ತೊಂಬತ್ತು ದಿನ ಉಳಿದಿತ್ತು.