ದಿನಕ್ಕೆ ಐದೇ ಗಂಟೆ, ನಡುವೆ ಉದುರುವ ಹಾಲುಹಲ್ಲು: ಬಾಲನಟನನ್ನಿಟ್ಟುಕೊಂಡು ಸಿನಿಮಾ ಮುಗಿಸಿದ ಬಗೆ

‘ಮಗು ಲೀಡ್ ಅಂದ್ರೆ 40 ದಿನ ಹಾಕ್ಕೊಳ್ಳಿ, ಐದು ಗಂಟೆ ರೂಲ್ ಬೇರೆ ಪಾಲಿಸ್ತೀವಿ ಅಂದ್ರೆ 60.’ ಬಜೆಟ್‌ಗೆ ಕೂತಾಗ ಮ್ಯಾನೇಜರಿಂದ ಕೋ-ಡೈರೆಕ್ಟರ್‌ವರೆಗೆ ಎಲ್ಲರದೂ ಇದೇ ಲೆಕ್ಕ. ಮುಗಿದದ್ದು 33ಕ್ಕೋ 34ಕ್ಕೋ, ಎರಡು ಶೆಡ್ಯೂಲ್‌ನಲ್ಲಿ. ಹುಡುಗನಿಗೆ ಏಳು ವರ್ಷ, ಮುಕ್ಕಾಲು ಪಾಲು ಸೀನು ಅವನದೇ. ಐದು ಗಂಟೆ ಒಂದು ದಿನವೂ ಮೀರಲಿಲ್ಲ. ಮೇಕಪ್ ಕುರ್ಚಿಯಲ್ಲಿ ಕೂತ ಹೊತ್ತನ್ನೂ ಅದರೊಳಗೇ ಎಣಿಸಿದ್ದೇವೆ. ಹೇಗೆ ಅಂತ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೆ ಈ ಬರಹ.

14 ತುಂಬಿರದ ಮಕ್ಕಳಿಗೆ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮ ಇದು: ದಿನಕ್ಕೆ ಐದು ಗಂಟೆ, ವಿಶ್ರಾಂತಿ ಇಲ್ಲದೆ ಮೂರು ಗಂಟೆಗಿಂತ ಹೆಚ್ಚಿಲ್ಲ, ಸತತ 27 ದಿನದ ಮೇಲೆ ಇಲ್ಲ. ನಮ್ಮ ಕಾಲ್‌ಶೀಟ್‌ನಲ್ಲಿ ಯೂನಿಟ್ 6:30ಕ್ಕೆ, ಹುಡುಗ 8ಕ್ಕೆ. 8ರಿಂದ 10:45 ಅವನ ಕ್ಲೋಸಪ್‌ಗಳು ಮಾತ್ರ. ಮುಕ್ಕಾಲು ಗಂಟೆ ತಿಂಡಿ, ಆಟ. 11:30ರಿಂದ 1:45 ಮಿಡ್, ವೈಡ್. ಅಲ್ಲಿಗೆ ಅವನಿಗೆ ಪ್ಯಾಕಪ್. ಈ ಲೆಕ್ಕಕ್ಕೆ ಬರುವ ಮುಂಚೆ, ಮೊದಲ ವಾರ, ಬೆಳಗ್ಗೆ ಮೂರೂವರೆ ಗಂಟೆ ಮಾತ್ರ ತೆಗೆದು, ಊಟ ಮಾಡಿಸಿ, ಮಲಗಿಸಿ, ಮೂರು ಗಂಟೆಗೆ ಎಬ್ಬಿಸಿ ಉಳಿದ ಒಂದೂವರೆ ಗಂಟೆ ಎಳೆಯಲು ನೋಡಿದೆವು. ಮಧ್ಯಾಹ್ನ ಮಲಗಿ ಎದ್ದ ಮಗುವಿನ ರೆಪ್ಪೆ ಊದಿಕೊಂಡಿರುತ್ತದೆ, ಇಳಿಯಲು ಗಂಟೆ ಬೇಕು. ಎಡಿಟಿಂಗ್‌ನಲ್ಲಿ ಬೆಳಗಿನ ಶಾಟಿನ ಪಕ್ಕ ಇಟ್ಟರೆ ಬೇರೆ ಹುಡುಗನ ಹಾಗೆ ಕಾಣುತ್ತಿದ್ದ. ಹೀಗೆ ಎರಡು ಸೀನು ಕಸಕ್ಕೆ ಹೋಯಿತು, ಖರ್ಚು ಲಕ್ಷದ ಮೇಲೆ.

ಮಧ್ಯಾಹ್ನ ಎರಡರ ಮೇಲೆ ಹುಡುಗ ಸೆಟ್‌ನಲ್ಲಿಲ್ಲ, ಎದುರಿನ ದೊಡ್ಡವರ ಶಾಟ್‌ಗಳು ಬಾಕಿ. ಅಸಿಸ್ಟೆಂಟ್ ಒಬ್ಬನನ್ನು ಮಂಡಿಯೂರಿಸಿ ಅವನ ಕಣ್ಣು ನೋಡಿ ಮಾತಾಡಿ ಎಂದೆವು. ತಪ್ಪಾಯಿತು. ಮಂಡಿಯೂರಿದ ದೊಡ್ಡವನ ಕಣ್ಣು ಮಗುವಿನ ಕಣ್ಣಿಗಿಂತ ನಾಲ್ಕು ಬೆರಳು ಮೇಲಿರುತ್ತದೆ. ಮೂರನೇ ಟೇಕ್‌ಗೆ ಕಾಲು ನೋವೆಂದು ಹಿಮ್ಮಡಿ ಮೇಲೆ ಕೂತುಬಿಟ್ಟರೆ ಗೇಣು ಕೆಳಗೆ. ಒಂದೇ ಸೀನಿನಲ್ಲಿ ಅಮ್ಮನ ಪಾತ್ರದ ನೋಟ ಮೂರು ಕಡೆ ಹೋಗಿತ್ತು. ಕೊನೆಗೆ ಒಂದು ಲೈಟ್ ಸ್ಟ್ಯಾಂಡ್, ಅದಕ್ಕೆ 109 ಸೆಂ.ಮೀ. ಎತ್ತರದಲ್ಲಿ ಕೆಂಪು ಟೇಪು. 120 ಸೆಂ.ಮೀ. ಹುಡುಗನ ಕಣ್ಣು ಇರುವುದು ಅಲ್ಲೇ. ಹಿರಿಯ ನಟರು ‘ಕೋಲಿನ ಜೊತೆ ಆಕ್ಟ್ ಮಾಡ್ಬೇಕಾ?’ ಎಂದು ಮುಖ ಸಿಂಡರಿಸಿದರು. ಹುಡುಗನ ಸಾಲುಗಳನ್ನು ಬೆಳಗ್ಗೆಯೇ ರೆಕಾರ್ಡ್ ಮಾಡಿಟ್ಟುಕೊಂಡು ಸಣ್ಣ ಸ್ಪೀಕರ್‌ನಲ್ಲಿ ಕೋಲಿನ ಬುಡದಿಂದ ಹಾಕಿದ ಮೇಲೆ ಸುಮ್ಮನಾದರು. ಸಜೆಶನ್ ಶಾಟ್‌ಗೆ, ಅಂದರೆ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಶಾಟ್‌ಗೆ, ಭುಜ ಬೇಕಲ್ಲ, ಅದಕ್ಕೆ ಕುಳ್ಳಗಿನ ವಯಸ್ಕರೊಬ್ಬರನ್ನು ಕರೆಸಿದೆವು. ಇನ್ನೊಂದು ಮಗುವನ್ನು ಡೂಪ್ ಮಾಡಿದರೆ, 14 ತುಂಬಿರದಿದ್ದರೆ, ಅದಕ್ಕೂ ಅದೇ ಐದು ಗಂಟೆ, ಅದೇ ಅನುಮತಿ. ಲಾಭವೇನು ಬಂತು?

ಈಗ ಹಲ್ಲಿನ ವಿಷಯ. ಏಳು ವರ್ಷದ ಮಗುವನ್ನು ಆರಿಸುವಾಗ ಎಲ್ಲರೂ ಕಣ್ಣು ನೋಡುತ್ತಾರೆ, ಹಲ್ಲು ಅಲುಗಾಡಿಸಿ ನೋಡುವವರಿಲ್ಲ. ಮೇಲಿನ ಎದುರು ಹಲ್ಲು ಬೀಳುವುದು ಆರರಿಂದ ಎಂಟರೊಳಗೆ. ನಮ್ಮದು ಒಂಬತ್ತನೇ ದಿನ ಬಿತ್ತು, ಚಕ್ಕುಲಿ ಕಚ್ಚಿ. ಅವತ್ತಿನ ಶೂಟಿಂಗ್ ಬಂದ್. ಡೆಂಟಿಸ್ಟ್ ಹತ್ತಿರ ಕೂರಿಸುವ-ತೆಗೆಯುವ ತೆಳು ಪ್ಲೇಟಿನ ಹಲ್ಲು ಮಾಡಿಸಿದೆವು, ಮೂರೂವರೆ ಸಾವಿರವೋ ಏನೋ. ಸ್ಕ್ರೀನ್ ಮೇಲೆ ಹಳದಿಯಾಗಿ ಎದ್ದು ಕಂಡಿತು. ಹಾಲುಹಲ್ಲು ದೊಡ್ಡವರ ಹಲ್ಲಿಗಿಂತ ಬಿಳಿ. ಲ್ಯಾಬಿನವರು ಅಭ್ಯಾಸಬಲದಿಂದ ದೊಡ್ಡವರಿಗೆ ಹಾಕುವ ಎ2 ಶೇಡ್ ಹಾಕಿದ್ದರು. ಇನ್ನೂ ಬಿಳಿಯ ಬಿ1ಕ್ಕೆ ಬದಲಿಸಿ, ತುದಿಯನ್ನು ಒಂದು ಎಳೆ ಉಜ್ಜಿಸಿದ ಮೇಲೆ ಸರಿಹೋಯಿತು. ಈಗ ನಮ್ಮ ಕ್ರಮವೇ ಬೇರೆ: ಶೂಟಿಂಗ್‌ಗೆ ಎರಡು ವಾರ ಮುಂಚೆ, ಹಲ್ಲುಗಳು ಇರುವಾಗಲೇ ಅಚ್ಚು ತೆಗೆಸಿ ಎತ್ತಿಡುವುದು. ಬಿದ್ದ ದಿನವೇ ಅಚ್ಚು ಲ್ಯಾಬಿಗೆ ಹೋಗುತ್ತದೆ, ಆಕಾರ ಮೊದಲಿನದೇ ಸಿಗುತ್ತದೆ. ಪ್ಲೇಟು ಹಾಕಿಕೊಂಡು ಮಾತಾಡಿದರೆ ‘ತ’, ‘ದ’, ‘ಸ’ ಮೂರೂ ತೊದಲುತ್ತವೆ. ಹಾಗಾಗಿ ಪ್ಲೇಟು ನಗುವ ಶಾಟ್‌ಗೆ ಮಾತ್ರ. ಮಾತಿದ್ದಲ್ಲಿ ಮುಖ ಪಕ್ಕಕ್ಕೆ ತಿರುಗಿಸಿದ ಮುಕ್ಕಾಲು ಪ್ರೊಫೈಲು.

ಎತ್ತರವೂ ಹೀಗೇ ಕೈ ಕೊಡುತ್ತದೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಾರೆ. ಎರಡು ಶೆಡ್ಯೂಲ್ ನಡುವೆ ಐದು ತಿಂಗಳು ಬಿದ್ದರೆ ಚಡ್ಡಿ ಮೊಣಕಾಲ ಮೇಲೆ. ಎಲ್ಲ ಕಾಸ್ಟ್ಯೂಮಿಗೂ ಎರಡಿಂಚು ಮಡಿಕೆ ಒಳಗೆ ಬಿಟ್ಟು ಹೊಲಿಸಿ. ಮಡಿಕೆ ಬಿಚ್ಚಿದಾಗ ಹಳೆಯ ಗೆರೆ ಗಾಢವಾಗಿ ಕಾಣುತ್ತದೆ. ಅದಕ್ಕೇ ಬಟ್ಟೆಯನ್ನು ಹೊಲಿಯುವ ಮೊದಲೇ ಏಳೆಂಟು ಸಲ ಒಗೆಸಿ ಬಣ್ಣ ಇಳಿಸಿರಬೇಕು.

ಡೈಲಾಗ್ ಹಾಳೆಯನ್ನು ಹುಡುಗನಿಗೆ ಕೊಡಲೇ ಇಲ್ಲ. ಮನೆಯಲ್ಲಿ ಅಪ್ಪ ಅಮ್ಮ ಬಾಯಿಪಾಠ ಮಾಡಿಸಿದರೆ ರಾಗ ಕೂತುಬಿಡುತ್ತದೆ, ಆಮೇಲೆ ಯಾರಿಂದಲೂ ಬಿಡಿಸಲಾಗದು. ಸ್ಥಳದಲ್ಲೇ ಮೂರು ಮೂರು ತುಂಡಾಗಿ ಹೇಳಿ, ಕ್ಲಾಪ್ ಇಲ್ಲದೆ ಕ್ಯಾಮೆರಾ ಓಡುತ್ತಲೇ ತೆಗೆದೆವು. ಶಾಟ್ ಮುಗಿದ ಮೇಲೆ ಕ್ಲಾಪ್ ತೋರಿಸುವ ಎಂಡ್ ಬೋರ್ಡ್ ಸಾಕು. ಇದಕ್ಕೆಂದೇ ಇಟ್ಟ ಎರಡನೇ ಕ್ಯಾಮೆರಾಕ್ಕೆ ದಿನಕ್ಕೆ 15-18 ಸಾವಿರ ಹೆಚ್ಚು ಬಿತ್ತು. ಆದರೆ ಹನ್ನೊಂದು ಟೇಕ್ ಆಗುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ನಡುವೆ ಕಿವಿಯೊಳಗೆ ಸಣ್ಣ ಇಯರ್‌ಪೀಸ್ ಇಟ್ಟು ಪ್ರಾಂಪ್ಟ್ ಮಾಡುವ ಪ್ರಯೋಗವೂ ನಡೆಯಿತು. ಕೇಳಿಸಿಕೊಳ್ಳುವಾಗ ಕಣ್ಣುಗುಡ್ಡೆ ಪಕ್ಕಕ್ಕೆ ಸರಿಯುತ್ತದೆ, ಒಂದೇ ದಿನಕ್ಕೆ ಕೈಬಿಟ್ಟೆವು. ತಿಂಡಿಯಲ್ಲಿ ಚಾಕೊಲೇಟ್ ನಿಲ್ಲಿಸಿ ನೋಡಿದ್ದೂ ಉಂಟು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಹುಡುಗ ಮುನಿಸಿಕೊಂಡದ್ದು ಬೇರೆ.

ಅಳುವ ಸೀನಿಗೆ ಗ್ಲಿಸರಿನ್ ಇಲ್ಲ, ಹೆದರಿಕೆಯಂತೂ ಇಲ್ಲವೇ ಇಲ್ಲ. 1931ರ ಹಾಲಿವುಡ್ ಚಿತ್ರವೊಂದಕ್ಕೆ ಬಾಲನಟ ಜಾಕಿ ಕೂಪರ್‌ನನ್ನು ಅಳಿಸಲು ಅವನ ನಾಯಿಗೆ ಗುಂಡು ಹೊಡೆಯುತ್ತೇವೆಂದು ಹೆದರಿಸಿದ್ದರು. ಒಂಬತ್ತನೇ ವಯಸ್ಸಿಗೆ ಆಸ್ಕರ್ ನಾಮನಿರ್ದೇಶನ ಬಂತು, ಆ ನೋವನ್ನು ಅವನು ಮುದುಕನಾದ ಮೇಲೂ ಮರೆಯಲಿಲ್ಲ. ನಮ್ಮದು ಉಸಿರಿನ ಕೆಲಸ. ಮೊದಲು ಚೆನ್ನಾಗಿ ನಗಿಸಿ, ತಕ್ಷಣ ಮೂಗಿನಲ್ಲಿ ತುಂಡು ತುಂಡು ಉಸಿರು ಎಳೆಸುವುದು. ಗಲ್ಲ ತಾನಾಗಿ ನಡುಗುತ್ತದೆ. ಅಲ್ಲಿಂದ ಕಣ್ಣೀರಿನವರೆಗೆ ಇನ್ನೊಂದು ಮೆಟ್ಟಿಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಡಬ್ಬಿಂಗ್‌ಗೆ ಹೆಂಗಸರ ಧ್ವನಿ ಹಾಕಿಸಿಬಿಡಿ ಎಂದವರೇ ಹೆಚ್ಚು. ಅವರಿಗೆ 1981ರ ‘ಭಾಗ್ಯವಂತ’ ನೆನಪಿಸಿದೆವು: ‘ಬಾನ ದಾರಿಯಲ್ಲಿ’ ಹಾಡಿದ್ದು ಪುಟ್ಟ ಲೋಹಿತ್‌ನೇ (ಮುಂದೆ ಪುನೀತ್ ರಾಜ್‌ಕುಮಾರ್), ಇವತ್ತಿಗೂ ಅದು ಮಗುವಿನ ಹಾಡಾಗಿಯೇ ಕಿವಿಗೆ ಬೀಳುತ್ತದೆ. ಮಕ್ಕಳ ಡಬ್ಬಿಂಗ್ ಆರು ತಿಂಗಳ ನಂತರ ಇಟ್ಟುಕೊಳ್ಳಬೇಡಿ. ಸೀನು ಮುಗಿದ ಅರ್ಧ ಗಂಟೆಯೊಳಗೆ ಕಾರಿನ ಗಾಜು ಏರಿಸಿ, ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ, ಬರೀ ಧ್ವನಿ ತೆಗೆಯಿರಿ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೆ ಬಂದದ್ದೇ. ಮಳೆ ಬಂದರೆ ಕಾರಿನ ಮೇಲ್ಛಾವಣಿಯ ಸದ್ದು ಎಲ್ಲ ಕೆಡಿಸುತ್ತದೆ, ಮಲೆನಾಡಿನಲ್ಲಿ ಇದು ದಿನನಿತ್ಯದ ಗೋಳು.

ಅನುಮತಿ ವಿಷಯದಲ್ಲಿ ನಾವೇ ಮಾಡಿಕೊಂಡ ಎಡವಟ್ಟು ಒಂದು. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ ಅನುಮತಿ ಬೇಕು. ಆಗುಂಬೆಯೆಂದು ಶಿವಮೊಗ್ಗದಲ್ಲಿ ತೆಗೆದುಕೊಂಡಿದ್ದೆವು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ಗೆ ಮಾಸ್ಟರ್ ಮಂಜುನಾಥ್‌ನನ್ನು ಓಡಾಡಿಸಿದ ಊರು, ನಮಗೂ ಅದೇ ಬೇಕಿತ್ತು. ಘಾಟಿ ಇಳಿದು ಸೋಮೇಶ್ವರದ ಹತ್ತಿರ ಒಂದು ಶಾಟ್ ಎಂದು ಹೊರಟಾಗ ನೆನಪಾಯಿತು, ಅದು ಉಡುಪಿ ಜಿಲ್ಲೆ. ವಾಪಸ್. ಅರ್ಧ ದಿನ ಹೋಯಿತು, 60 ಸಾವಿರಕ್ಕೆ ಮೋಸವಿಲ್ಲ.

ಸಂಭಾವನೆಯಲ್ಲಿ ಕನಿಷ್ಠ 20% ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ. ನಾವು ಪ್ರತಿ ಕಂತಿನಿಂದಲೂ ಅಲ್ಲಲ್ಲೇ ಕತ್ತರಿಸಿದೆವು. ಕೊನೆಗೆ ಕೊಡೋಣ ಎಂದರೆ ಕೊನೆಗೆ ನಿರ್ಮಾಪಕರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಲನಟ ಜಾಕಿ ಕೂಗನ್ ದುಡಿದದ್ದರಲ್ಲಿ ಬಹುಪಾಲನ್ನು ಮನೆಯವರೇ ಕರಗಿಸಿದ ಮೇಲೆ ತಾನೇ ಬಾಲನಟರ ದುಡಿಮೆ ಕಾಯುವ 1939ರ ಕಾಯ್ದೆ ಬಂದದ್ದು. ಇಲ್ಲಿ ಅಪ್ಪ ಅಮ್ಮ ‘ಮುಂದಿನ ಪಿಕ್ಚರ್ ಯಾವಾಗ ಸರ್?’ ಎಂದು ಕೇಳಿದಾಗಲೆಲ್ಲ ಲೋಹಿತ್‌ನ ಲೆಕ್ಕ ಹೇಳುತ್ತೇವೆ: ಕೈಗೂಸಾಗಿದ್ದಾಗಲೇ 1976ರ ‘ಪ್ರೇಮದ ಕಾಣಿಕೆ’, 1985ರ ‘ಬೆಟ್ಟದ ಹೂವು’ಗೆ ರಾಷ್ಟ್ರಪ್ರಶಸ್ತಿ, 1989ರ ‘ಪರಶುರಾಮ್’ ಆದಮೇಲೆ ನಾಯಕನಾಗಿ ‘ಅಪ್ಪು’ ಬಂದದ್ದು 2002ರಲ್ಲಿ. ನಡುವೆ 13 ವರ್ಷ. ಧ್ವನಿ ಒಡೆಯುವ, ಮುಖ ಬದಲಾಗುವ ಕಾಲವೆಲ್ಲ ಅದರೊಳಗೇ ಕಳೆದುಹೋಯಿತು.

ಅನುಮತಿಗಾಗಿ ನಿರ್ಮಾಪಕರು ಬರೆದುಕೊಡುವ ನಮೂನೆ ‘ಸಿ’ ಮುಚ್ಚಳಿಕೆಗೆ ಆರೇ ತಿಂಗಳ ಆಯಸ್ಸು. ಉಳಿದುಹೋದ ಶಾಟ್‌ಗಳನ್ನು ತೆಗೆಯುವ ನಮ್ಮ ಪ್ಯಾಚ್‌ವರ್ಕ್ ಏಳನೇ ತಿಂಗಳಿಗೆ ಬಿತ್ತು. ಮತ್ತೆ ಅರ್ಜಿ, ಮತ್ತೆ ಪೋಷಕರ ಒಪ್ಪಿಗೆ. ಅಷ್ಟರಲ್ಲಿ ಹುಡುಗ ಮೂರು ಸೆಂ.ಮೀ. ಬೆಳೆದಿದ್ದ, ಪ್ಲೇಟು ಕೂರುವ ಜಾಗದಲ್ಲಿ ಗರಗಸದಂಚಿನ ಹೊಸ ಹಲ್ಲು ಅರ್ಧ ಇಳಿದಿತ್ತು. ಕೋಲಿನ ಟೇಪನ್ನು 112ಕ್ಕೆ ಏರಿಸಿ, ಚಡ್ಡಿಯ ಮಡಿಕೆ ಬಿಚ್ಚಿ, ಆರು ಶಾಟನ್ನೂ ಬೆನ್ನ ಹಿಂದಿನಿಂದ ತೆಗೆದೆವು.